ಮೊಣಕಾಲಿಗೆ ಹದಿನೈದು ದಿನ ಸಾಲದು

ಸುಗ್ಗಿ ಮುಗಿದು ಜಾತ್ರೆಗಳ ಕಾಲ ಬಂತೆಂದರೆ ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಕುಸ್ತಿ ಕಣಗಳು ಸಜ್ಜಾಗುತ್ತವೆ. ಕಬಡ್ಡಿ ಪಂದ್ಯಾವಳಿಗಳ ಭಿತ್ತಿಪತ್ರಗಳು ಬಸ್ ನಿಲ್ದಾಣದ ಗೋಡೆಗಳನ್ನೇರುತ್ತವೆ. ಗೆದ್ದ ತಂಡದ ಚಿತ್ರ ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಅಚ್ಚಾಗುತ್ತದೆ. ಅದೇ ಪಂದ್ಯದಲ್ಲಿ ಮೊಣಕಾಲು ತಿರುಚಿಕೊಂಡು ಗೆಳೆಯರ ಹೆಗಲ ಮೇಲೆ ಕೈಹಾಕಿ ಅಂಕಣದಿಂದ ಹೊರಬಂದ ಹುಡುಗನ ಸುದ್ದಿ ಎಲ್ಲಿಯೂ ಬರುವುದಿಲ್ಲ. ಅವನು ಮುಂದಿನ ವರ್ಷ ಆಡುವುದಿಲ್ಲ ಎಂಬುದಷ್ಟೇ ಊರಿಗೆ ತಿಳಿಯುತ್ತದೆ. ಹೊಲದ ಕೆಲಸಕ್ಕೂ ಅವನು ಮೊದಲಿನಂತೆ ಒದಗುತ್ತಿಲ್ಲ ಎಂಬುದು ಮನೆಯವರಿಗೆ ಮಾತ್ರ ಗೊತ್ತಿರುತ್ತದೆ.

ಮೂವತ್ತು ವರ್ಷಗಳ ಹಿಂದೆ ಇಂತಹ ಹುಡುಗನಿಗೆ ಹೇಳಬಹುದಾಗಿದ್ದ ಸಮಾಧಾನ ಬಹಳ ಕಡಿಮೆಯಿತ್ತು. ಇಂದು ಪರಿಸ್ಥಿತಿ ಹಾಗಿಲ್ಲ. ಕೀಲಿನೊಳಗೆ ಪೆನ್ಸಿಲ್ ಗಾತ್ರದ ದುರ್ಬೀನು ತೂರಿಸಿ, ಹರಿದ ಭಾಗವನ್ನು ಸರಿಪಡಿಸುವ ಆರ್ತ್ರೋಸ್ಕೋಪಿ ಶಸ್ತ್ರಚಿಕಿತ್ಸೆ ಹುಬ್ಬಳ್ಳಿ-ಧಾರವಾಡದಲ್ಲಿಯೇ ದೊರೆಯುತ್ತದೆ. ಬಡ ಕುಟುಂಬಗಳ ಆಸ್ಪತ್ರೆ ವೆಚ್ಚವನ್ನು ಭರಿಸಲು ಸರ್ಕಾರದ ಯೋಜನೆಗಳಿವೆ. ಆದರೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಳ್ಳಿಯ ಆಟಗಾರರಲ್ಲಿ ಮತ್ತೆ ಅಂಕಣಕ್ಕಿಳಿದವರನ್ನು ನಾನು ಕಂಡದ್ದು ಅಪರೂಪ. ಕೊರತೆ ಶಸ್ತ್ರವೈದ್ಯರ ಕೈಯಲ್ಲಿಲ್ಲ. ಅವರ ಕೆಲಸ ಮುಗಿದ ಮೇಲೆ ಆರಂಭವಾಗುವ ಒಂಬತ್ತು ತಿಂಗಳಲ್ಲಿದೆ. ಆ ಒಂಬತ್ತು ತಿಂಗಳಿಗೆ ನಮ್ಮ ಆರೋಗ್ಯ ವ್ಯವಸ್ಥೆಯಲ್ಲಿ ಹೆಸರೂ ಇಲ್ಲ, ಹಣವೂ ಇಲ್ಲ, ಜನರೂ ಇಲ್ಲ. ಸರ್ಕಾರಿ ಸೇವೆಯಲ್ಲಿ ಮೂರು ದಶಕಗಳನ್ನು ಕಳೆದ ನನಗೆ ಇದು ವೈದ್ಯಕೀಯದ ಪ್ರಶ್ನೆಗಿಂತ ಹೆಚ್ಚಾಗಿ ಸಾರ್ವಜನಿಕ ಹಣದ ಸದ್ವಿನಿಯೋಗದ ಪ್ರಶ್ನೆಯಾಗಿ ಕಾಣುತ್ತದೆ.

ಸಣ್ಣ ರಂಧ್ರದ ಚಿಕಿತ್ಸೆ

ಮೊಣಕಾಲು ಬಾಗಿಲಿನ ತಿರುಗಣಿಯಂತೆ ಮುಂದೆ ಹಿಂದೆ ಮಡಚುವ ಕೀಲು. ತೊಡೆಯ ಮೂಳೆ ಮತ್ತು ಕಣಕಾಲಿನ ಮೂಳೆಯನ್ನು ಒಂದರ ಮೇಲೊಂದು ಜಾರದಂತೆ ಹಿಡಿದಿಡಲು ಕೀಲಿನ ನಡುವೆ ಎರಡು ಅಸ್ಥಿರಜ್ಜುಗಳು ಕತ್ತರಿಯಾಕಾರದಲ್ಲಿ ಹೆಣೆದುಕೊಂಡಿವೆ. ಅವುಗಳಲ್ಲಿ ಮುಂಭಾಗದ್ದನ್ನು ವೈದ್ಯರು ಎಸಿಎಲ್ ಎಂದು ಕರೆಯುತ್ತಾರೆ. ಮೂಳೆಗಳ ನಡುವೆ ಮೆತ್ತೆಯಂತೆ ಕುಳಿತಿರುವ ಅರ್ಧಚಂದ್ರಾಕಾರದ ಎರಡು ಮೃದ್ವಸ್ಥಿಗಳಿಗೆ ಮೆನಿಸ್ಕಸ್ ಎಂದು ಹೆಸರು. ಪಾದ ನೆಲಕ್ಕೆ ಕಚ್ಚಿಕೊಂಡಿರುವಾಗ ಮೈ ಇನ್ನೊಂದು ದಿಕ್ಕಿಗೆ ತಿರುಗಿದರೆ ಇವೆರಡಕ್ಕೂ ಅಪಾಯ. ಕಬಡ್ಡಿಯ ರೈಡರ್ ಗೆರೆಯತ್ತ ಹೊರಳುವಾಗ ಎದುರಾಳಿ ಅವನ ಹಿಮ್ಮಡಿಯನ್ನು ಹಿಡಿದೆಳೆಯುತ್ತಾನೆ. ಕುಸ್ತಿಪಟುವಿನ ಒಂದು ಕಾಲನ್ನು ಎದುರಾಳಿ ಎತ್ತಿದಾಗ ಇಡೀ ಮೈಭಾರ ಇನ್ನೊಂದು ಕಾಲಿನ ಮೇಲೆ ಬೀಳುತ್ತದೆ. ಎರಡೂ ಆಟಗಳು ಮೊಣಕಾಲಿನಿಂದ ಅದು ಕೊಡಲಾರದ್ದನ್ನು ಕೇಳುತ್ತವೆ. ಅನೇಕರಿಗೆ ಒಳಗೆ ಏನೋ 'ಟಕ್' ಎಂದ ಸದ್ದು ಕೇಳಿಸುತ್ತದೆ. ಕೆಲವೇ ಗಂಟೆಗಳಲ್ಲಿ ಕಾಲು ಊದಿಕೊಳ್ಳುತ್ತದೆ.

ಪೂರ್ತಿ ತುಂಡಾದ ಎಸಿಎಲ್ ಸಾಮಾನ್ಯವಾಗಿ ಮೊದಲಿನಂತೆ ತಾನಾಗಿ ಕೂಡಿಕೊಳ್ಳುವುದಿಲ್ಲ. ಊತ ಇಳಿದ ಮೇಲೆ ನಡೆಯಲು ಅಡ್ಡಿಯಿಲ್ಲವೆಂದು ತೋರುತ್ತದೆ. ಆದರೆ ತಿರುಗುವಾಗ, ಬದು ದಾಟುವಾಗ, ಮಳೆಗಾಲದ ಎರೆಮಣ್ಣಿನ ಕೆಸರಿನಿಂದ ಕಾಲು ಕೀಳುವಾಗ ಮೊಣಕಾಲು ಇದ್ದಕ್ಕಿದ್ದಂತೆ ಜಾರಿದಂತಾಗುತ್ತದೆ. ಹೀಗೆ ಜಾರಿದಾಗಲೆಲ್ಲ ಒಳಗಿನ ಮೆತ್ತೆಗಳಿಗೆ ಪೆಟ್ಟು ಬೀಳಬಹುದು. ಇದನ್ನು ಅರಿಯದೆ ಎಣ್ಣೆ ತಿಕ್ಕಿಸಿಕೊಂಡು, ಪಟ್ಟು ಹಾಕಿಸಿಕೊಂಡು ಮುಂದಿನ ಜಾತ್ರೆಯಲ್ಲಿ ಮತ್ತೆ ಆಡಿ, ಒಂದು ಗಾಯವನ್ನು ಮೂರಾಗಿಸಿಕೊಂಡವರು ಹಳ್ಳಿಗಳಲ್ಲಿ ಸಾಕಷ್ಟಿದ್ದಾರೆ.

ಕೀಲಿನೊಳಗೆ ಇಣುಕಿ ನೋಡುವ ವಿದ್ಯೆಗೆ ಒಂದು ಶತಮಾನದ ಇತಿಹಾಸವಿದೆ. ಟೋಕಿಯೊದ ಕೆಂಜಿ ಟಕಾಗಿ 1918ರಲ್ಲಿ ಮೂತ್ರಕೋಶ ನೋಡುವ ನಳಿಕೆಯನ್ನೇ ಬಳಸಿ ಮೃತದೇಹವೊಂದರ ಮೊಣಕಾಲಿನ ಒಳಭಾಗವನ್ನು ನೋಡಿದರು. ಅದೇ ಪರಂಪರೆಯ ಮಸಾಕಿ ವಟನಬೆ 1962ರಲ್ಲಿ ಇಂತಹ ನಳಿಕೆಯ ನೆರವಿನಿಂದ ಹರಿದ ಮೆನಿಸ್ಕಸ್‌ನ ತುಣುಕನ್ನು ತೆಗೆದರು. ಆ ಮೇಲೆ ಬಂದ ಫೈಬರ್ ಬೆಳಕು, ಸಣ್ಣ ಕ್ಯಾಮೆರಾ, ಟಿವಿ ಪರದೆಗಳು ಈ ವಿದ್ಯೆಯನ್ನು ಜಗತ್ತಿನ ಎಲ್ಲ ದೊಡ್ಡ ಆಸ್ಪತ್ರೆಗಳಿಗೂ ಕೊಂಡೊಯ್ದವು. ಈಗ ಮೊಣಕಾಲಿನ ಎದುರಿಗೆ ಒಂದು ಸೆಂಟಿಮೀಟರಿಗೂ ಕಡಿಮೆ ಉದ್ದದ ಎರಡು ಮೂರು ರಂಧ್ರಗಳು ಸಾಕು. ಒಂದರಿಂದ ಕ್ಯಾಮೆರಾ, ಇನ್ನೊಂದರಿಂದ ಉಪಕರಣ. ಎಸಿಎಲ್ ಹರಿದಿದ್ದರೆ ರೋಗಿಯ ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಸ್ನಾಯುರಜ್ಜುವಿನ ಒಂದು ಪಟ್ಟಿಯನ್ನು ತೆಗೆದು, ಎರಡೂ ಮೂಳೆಗಳಲ್ಲಿ ಕೊರೆದ ಸುರಂಗಗಳ ಮೂಲಕ ಹಾಯಿಸಿ, ಗುಂಡಿ ಅಥವಾ ತಿರುಪಿನಿಂದ ಬಿಗಿಯುತ್ತಾರೆ. ಕೀಲನ್ನು ಪೂರ್ತಿ ಸೀಳುತ್ತಿದ್ದ ಕಾಲಕ್ಕೆ ಹೋಲಿಸಿದರೆ ನೋವು ಕಡಿಮೆ, ಸೋಂಕಿನ ಭಯ ಕಡಿಮೆ, ಆಸ್ಪತ್ರೆವಾಸ ಎರಡು ಮೂರು ದಿನಗಳದ್ದು.

ಈ ಸಣ್ಣ ರಂಧ್ರವೇ ಒಂದು ಭ್ರಮೆಯನ್ನೂ ಹುಟ್ಟಿಸಿದೆ. ಗಾಯ ಚಿಕ್ಕದಾದ್ದರಿಂದ ಗುಣವಾಗುವ ಅವಧಿಯೂ ಚಿಕ್ಕದೆಂದು ಜನ ತಿಳಿಯುತ್ತಾರೆ. ಚರ್ಮದ ಮೇಲಿನ ಹೊಲಿಗೆ ಎರಡು ವಾರದಲ್ಲಿ ಮಾಯುತ್ತದೆ. ಒಳಗೆ ಕೂರಿಸಿದ ಪಟ್ಟಿ ಜೀವಂತ ಅಸ್ಥಿರಜ್ಜುವಾಗಿ ಮಾರ್ಪಡಲು ತಿಂಗಳುಗಳೇ ಬೇಕು. ಇನ್ನೂ ವಿಚಿತ್ರವೆಂದರೆ, ಮೊದಲ ಕೆಲವು ವಾರಗಳ ನಂತರ ನೋವು ಕಡಿಮೆಯಾಗಿ ಹುಡುಗನಿಗೆ ಧೈರ್ಯ ಬರುವ ಹೊತ್ತಿಗೇ ಆ ಪಟ್ಟಿ ಹಳೆಯ ಬಲ ಕಳೆದುಕೊಂಡು, ಹೊಸ ಬಲ ಇನ್ನೂ ಬಾರದೆ ಅತ್ಯಂತ ದುರ್ಬಲವಾಗಿರುತ್ತದೆ.

ಒಂಬತ್ತು ತಿಂಗಳ ಕೆಲಸ

ಪುನಶ್ಚೇತನ ಎಂಬ ದೊಡ್ಡ ಶಬ್ದದ ಹಿಂದಿರುವುದು ಸಣ್ಣ ಸಣ್ಣ ನಿತ್ಯಕರ್ಮಗಳು. ಮೊದಲ ಎರಡು ವಾರ ಊತ ಇಳಿಸುವುದು, ಮೊಣಕಾಲನ್ನು ಪೂರ್ತಿ ನೆಟ್ಟಗೆ ಚಾಚಲು ಕಲಿಯುವುದು, ತೊಡೆಯ ಮುಂಭಾಗದ ಸ್ನಾಯುವನ್ನು ಮತ್ತೆ ಎಚ್ಚರಿಸುವುದು. ಈ ಸ್ನಾಯು ಪೆಟ್ಟು ಬಿದ್ದ ಕೆಲವೇ ದಿನಗಳಲ್ಲಿ ಸೊರಗತೊಡಗುತ್ತದೆ; ಸೊರಗಿದ್ದನ್ನು ಮರಳಿ ತುಂಬಿಸುವುದೇ ಇಡೀ ಚಿಕಿತ್ಸೆಯ ಅತ್ಯಂತ ನಿಧಾನದ ಭಾಗ. ನಂತರದ ವಾರಗಳಲ್ಲಿ ಮಡಚುವ ಅಭ್ಯಾಸ, ನಿಂತಲ್ಲೇ ತುಳಿಯುವ ಸೈಕಲ್, ಮೆಟ್ಟಿಲು. ಮೂರನೆಯ ನಾಲ್ಕನೆಯ ತಿಂಗಳಲ್ಲಿ ನೇರ ದಾರಿಯ ಮೇಲೆ ಓಟ. ಆರನೆಯ ತಿಂಗಳ ಹೊತ್ತಿಗೆ ಜಿಗಿತ ಮತ್ತು ದಿಕ್ಕು ಬದಲಿಸುವ ಅಭ್ಯಾಸ. ಒಂಬತ್ತು ತಿಂಗಳು ತುಂಬಿದ ಮೇಲೆ, ಗಾಯಗೊಂಡ ಕಾಲು ಇನ್ನೊಂದು ಕಾಲಿನ ಬಲದ ಶೇ 90ರಷ್ಟನ್ನಾದರೂ ಗಳಿಸಿದೆಯೇ ಎಂದು ಪರೀಕ್ಷಿಸಿ ಆಟಕ್ಕೆ ಅನುಮತಿ.

ಇದರ ಮಹತ್ವವನ್ನು ವೈದ್ಯರ ಉಪದೇಶವೆಂದಷ್ಟೇ ಭಾವಿಸಬೇಕಾಗಿಲ್ಲ; ಅಂಕಿ-ಅಂಶಗಳ ಆಧಾರವೂ ಇದೆ. ನಾರ್ವೆಯ ಓಸ್ಲೊ ಮತ್ತು ಅಮೆರಿಕದ ಡೆಲವೇರ್‌ನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎಸಿಎಲ್ ಶಸ್ತ್ರಚಿಕಿತ್ಸೆಯ ನಂತರ ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳೂ ಮತ್ತೆ ಮೊಣಕಾಲಿಗೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯುತ್ತದೆ. ಸ್ವೀಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಮತ್ತಷ್ಟು ಕುತೂಹಲಕರ. ಎಸಿಎಲ್ ಹರಿದ 121 ಮಂದಿ ಯುವಕ ಯುವತಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೇಗನೆ ಶಸ್ತ್ರಚಿಕಿತ್ಸೆ ಮತ್ತು ವ್ಯಾಯಾಮ, ಇನ್ನೊಂದಕ್ಕೆ ಮೊದಲು ಶಿಸ್ತಿನ ವ್ಯಾಯಾಮ, ಅಗತ್ಯವೆನಿಸಿದರೆ ಮಾತ್ರ ಶಸ್ತ್ರಚಿಕಿತ್ಸೆ ಎಂದು ನಿಗದಿಪಡಿಸಲಾಗಿತ್ತು. ಎರಡು ವರ್ಷಗಳ ಕೊನೆಗೆ ಎರಡೂ ಗುಂಪುಗಳ ಸ್ಥಿತಿಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಎರಡನೆಯ ಗುಂಪಿನ ಅರ್ಧಕ್ಕಿಂತ ಹೆಚ್ಚು ಜನರಿಗೆ ಆ ಅವಧಿಯಲ್ಲಿ ಶಸ್ತ್ರಚಿಕಿತ್ಸೆಯೇ ಬೇಕಾಗಲಿಲ್ಲ. ಕಬಡ್ಡಿ, ಕುಸ್ತಿಯಂತಹ ಹೊರಳಾಟದ ಆಟಗಳಿಗೆ ಮರಳಬೇಕೆನ್ನುವವರಿಗೆ ಶಸ್ತ್ರಚಿಕಿತ್ಸೆ ಬೇಡವೆಂದು ಇದರ ಅರ್ಥವಲ್ಲ. ಆದರೆ ನಾವು ಬಾಲಂಗೋಚಿಯೆಂದು ಕಡೆಗಣಿಸುವ ವ್ಯಾಯಾಮ ಚಿಕಿತ್ಸೆಗೆ ಎಷ್ಟು ಶಕ್ತಿಯಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಮ್ಮ ಹೆಸರಾಂತ ಆಟಗಾರರ ಜೀವನವೂ ಇದನ್ನೇ ಹೇಳುತ್ತದೆ. ಭುಜದ ಶಸ್ತ್ರಚಿಕಿತ್ಸೆಯ ಕಾರಣ 2001ರ ಆಸ್ಟ್ರೇಲಿಯ ವಿರುದ್ಧದ ಸ್ಮರಣೀಯ ಸರಣಿಯಲ್ಲಿ ಅನಿಲ್ ಕುಂಬ್ಳೆ ಆಡಲಿಲ್ಲ. ಆಗ ಅವರ ಟೆಸ್ಟ್ ವಿಕೆಟ್‌ಗಳು ಇನ್ನೂ ಮುನ್ನೂರು ಮುಟ್ಟಿರಲಿಲ್ಲ. 2008ರಲ್ಲಿ ನಿವೃತ್ತರಾದಾಗ ಅವರ ಲೆಕ್ಕ 619. ಅಂದರೆ ಅರ್ಧಕ್ಕಿಂತ ಹೆಚ್ಚು ವಿಕೆಟ್‌ಗಳನ್ನು ಅವರು ಪಡೆದದ್ದು ದುರಸ್ತಿಯಾದ ಭುಜದಿಂದ. ಕುಸ್ತಿಪಟು ವಿನೇಶ್ ಫೋಗಟ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಸ್ಟ್ರೆಚರ್ ಮೇಲೆ ಹೊರಬಂದರು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. 2023ರ ಆಗಸ್ಟ್‌ನಲ್ಲಿ ಅವರಿಗೆ ಮತ್ತೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಒಂದು ವರ್ಷದ ನಂತರ ಪ್ಯಾರಿಸ್‌ನಲ್ಲಿ ಅವರು ಫೈನಲ್‌ವರೆಗೆ ಗೆದ್ದು ಬಂದರು. ಅಲ್ಲಿ ಅವರನ್ನು ತಡೆದದ್ದು ತೂಕದ ನಿಯಮವೇ ಹೊರತು ಮೊಣಕಾಲಲ್ಲ. 2022ರ ಡಿಸೆಂಬರ್ ಕೊನೆಯಲ್ಲಿ ಕಾರು ಅಪಘಾತಕ್ಕೀಡಾದ ರಿಷಭ್ ಪಂತ್ ಮೊಣಕಾಲಿನ ಅಸ್ಥಿರಜ್ಜುಗಳ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಬೆವರು ಸುರಿಸಿ 2024ರ ಮಾರ್ಚ್‌ನಲ್ಲಿ ಮೈದಾನಕ್ಕೆ ಮರಳಿದರು.

ಈ ಮೂವರಿಗೂ ಸಿಕ್ಕ ಶಸ್ತ್ರವೈದ್ಯರು ಸಮರ್ಥರಾಗಿದ್ದರು, ನಿಜ. ಅಂತಹ ಸಮರ್ಥರು ಇಂದು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಆದರೆ ಅವರಿಗೆ ಸಿಕ್ಕು ನಮ್ಮ ಹುಡುಗರಿಗೆ ಸಿಗದೇ ಇರುವುದು ಆ ನಂತರದ ದಿನಗಳಲ್ಲಿ ಪಕ್ಕದಲ್ಲಿ ನಿಂತು, ಕಾಲು ಎಷ್ಟು ಮಡಚಿತು, ಇಂದು ಎಷ್ಟು ಭಾರ ಎತ್ತಬಹುದು ಎಂದು ನೋಡುವ ಒಬ್ಬ ತರಬೇತಾದ ಮನುಷ್ಯ.

ತಿರ್ಲಾಪುರದ ಲೆಕ್ಕ

ನವಲಗುಂದ ತಾಲ್ಲೂಕಿನ ತಿರ್ಲಾಪುರ ನನ್ನ ಸೋದರತ್ತೆಯ ಊರು. ಕಪ್ಪು ಎರೆ ಭೂಮಿ, ಕಡಲೆ, ಜೋಳ, ಹತ್ತಿ, ಹೆಸರಿನ ಬೆಳೆ. ನಿವೃತ್ತಿಯ ನಂತರ ವರ್ಷಕ್ಕೆರಡು ಬಾರಿಯಾದರೂ ಅಲ್ಲಿಗೆ ಹೋಗಿಬರುತ್ತೇನೆ. ಅಲ್ಲಿ ನಾನು ಕಂಡ ಒಬ್ಬ ಯುವಕನ ವಿಷಯ ಹೇಳಬೇಕು. ವಯಸ್ಸು ಇಪ್ಪತ್ತೆರಡು, ಸುತ್ತಲಿನ ಹಳ್ಳಿಗಳಲ್ಲಿ ಒಳ್ಳೆಯ ರೈಡರ್ ಎಂದು ಹೆಸರಾಗಿದ್ದವನು. ಎಸಿಎಲ್ ಹರಿಯಿತು. ನಗರದ ಒಂದು ಆಸ್ಪತ್ರೆಯಲ್ಲಿ ಸರ್ಕಾರದ ಕಾರ್ಡಿನ ಮೇಲೆ ಆರ್ತ್ರೋಸ್ಕೋಪಿ ಶಸ್ತ್ರಚಿಕಿತ್ಸೆಯಾಯಿತು. ಮನೆಯವರು ಕೈಯಿಂದ ಹೆಚ್ಚು ಹಣ ಹಾಕಬೇಕಾಗಲಿಲ್ಲ. ಬಿಡುಗಡೆ ಪತ್ರದ ಕೊನೆಯಲ್ಲಿ ಫಿಸಿಯೋಥೆರಪಿ ಮುಂದುವರಿಸಬೇಕೆಂದು ಇಂಗ್ಲಿಷಿನಲ್ಲಿ ಒಂದು ಸಾಲಿತ್ತು. ಅವನು ಮೂರು ಸಲ ಹೋದ. ಅಷ್ಟರಲ್ಲಿ ಕಡಲೆ ರಾಶಿ ಬಂತು. ನಾಲ್ಕನೆಯ ಸಲ ಹೋಗಲಾಗಲಿಲ್ಲ. ಒಂದೂವರೆ ವರ್ಷದ ನಂತರ ನಾನು ನೋಡಿದಾಗ ಆ ತೊಡೆ ಇನ್ನೊಂದಕ್ಕಿಂತ ಕಣ್ಣಿಗೆ ಕಾಣುವಷ್ಟು ಸಣ್ಣದಾಗಿತ್ತು. ಪೂರ್ತಿ ಕುಕ್ಕರುಗಾಲಿನಲ್ಲಿ ಕೂರಲು ಆಗುತ್ತಿರಲಿಲ್ಲ. ಹೊಲ ಬಿಟ್ಟು ಊರ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ.

"ಆಪರೇಶನ್ ಮಾಡ್ಸಿದ್ರೂ ಕಾಲು ಬರ್ಲಿಲ್ಲ ನೋಡ್ರಿ ಸಾಹೇಬ್ರ" ಎಂದು ಅವನ ತಂದೆ ಹೇಳಿದರು. ಮರುಪರೀಕ್ಷೆ ಮಾಡಿದ ವೈದ್ಯರ ಅಭಿಪ್ರಾಯ ಬೇರೆಯೇ ಇತ್ತು: ಒಳಗೆ ಕೂರಿಸಿದ ರಜ್ಜು ಭದ್ರವಾಗಿದೆ, ಅದನ್ನು ಕಾಯಬೇಕಾದ ತೊಡೆಯ ಸ್ನಾಯು ಬತ್ತಿದೆ. ಶಸ್ತ್ರಚಿಕಿತ್ಸೆ ಸಫಲವಾಗಿ ಚಿಕಿತ್ಸೆ ವಿಫಲವಾದ ಪ್ರಸಂಗವಿದು. ಊರಿನ ದೃಷ್ಟಿಯಲ್ಲಿ ಮಾತ್ರ ಸೋತದ್ದು ಶಸ್ತ್ರಚಿಕಿತ್ಸೆಯೇ. ಮುಂದೆ ಪೆಟ್ಟು ಮಾಡಿಕೊಳ್ಳುವ ಹುಡುಗ ಆಸ್ಪತ್ರೆಗೆ ಹೋಗುವ ಮುನ್ನ ಎರಡು ಸಲ ಯೋಚಿಸುತ್ತಾನೆ.

ಅವನನ್ನು ಸೋಮಾರಿಯೆಂದು ದೂರುವ ಮುನ್ನ ಸರಳ ಲೆಕ್ಕವೊಂದನ್ನು ಮಾಡೋಣ. ಮೊದಲ ಮೂರು ತಿಂಗಳು ವಾರಕ್ಕೆ ಎರಡು ಭೇಟಿಯೆಂದರೆ ಇಪ್ಪತ್ತಾರು ಭೇಟಿ. ಮುಂದಿನ ಆರು ತಿಂಗಳು ಹದಿನೈದು ದಿನಕ್ಕೊಂದರಂತೆ ಹದಿಮೂರು. ಒಟ್ಟು ಮೂವತ್ತೊಂಬತ್ತು. ತಿರ್ಲಾಪುರದಿಂದ ಹುಬ್ಬಳ್ಳಿಗೋ ಧಾರವಾಡಕ್ಕೋ ಬಸ್ಸಿನಲ್ಲಿ ಹೋಗಿ, ಸರದಿಯಲ್ಲಿ ಕಾಯ್ದು, ಸಂಜೆಗೆ ಮರಳಿದರೆ ಆ ದಿನದ ದುಡಿಮೆ ಮುಗಿಯಿತು. ಅಂದರೆ ಸುಮಾರು ನಲವತ್ತು ದಿನಗಳ ಕೂಲಿ. ಮೊದಲ ವಾರಗಳಲ್ಲಿ ಊರುಗೋಲಿನ ಮೇಲೆ ಬಸ್ಸು ಹತ್ತುವವನ ಜೊತೆಗೆ ಇನ್ನೊಬ್ಬರು ಬೇಕು. ಅವರ ಕೂಲಿಯೂ ಸೇರಿತು. ಅರ್ಥಶಾಸ್ತ್ರದಲ್ಲಿ ನಾವು ಇದನ್ನು ಅವಕಾಶ ವೆಚ್ಚವೆನ್ನುತ್ತೇವೆ. ಆಸ್ಪತ್ರೆಯ ಬಿಲ್ಲಿನಲ್ಲಿ ಅದು ಕಾಣುವುದಿಲ್ಲ, ಮನೆಯ ಒಲೆಯಲ್ಲಿ ಕಾಣುತ್ತದೆ. 2023ರಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ತಪ್ಪಿದೆ. ಆದರೆ ಗಾಯಗೊಂಡ ಹುಡುಗಿಯ ಜೊತೆಗೆ ಹೋಗುವ ತಂದೆ ಅಥವಾ ಅಣ್ಣನ ಒಂದು ದಿನದ ದುಡಿಮೆಗೆ ಯಾವ ಯೋಜನೆಯೂ ಇಲ್ಲ. ಒಂದೇ ಆಟವನ್ನಾಡುವ ಹುಡುಗ ಹುಡುಗಿಯರಲ್ಲಿ ಎಸಿಎಲ್ ಹರಿಯುವ ಸಂಭವ ಹುಡುಗಿಯರಿಗೇ ಹೆಚ್ಚು ಎಂಬುದು ಅಧ್ಯಯನಗಳಿಂದ ದೃಢಪಟ್ಟಿರುವುದರಿಂದ ಈ ಮಾತಿಗೆ ವಿಶೇಷ ಮಹತ್ವವಿದೆ.

ಜೋಡೆತ್ತಿನಲ್ಲಿ ಒಂದಕ್ಕೇ ಮೇವು

ಹಳ್ಳಿಯ ಬಡವರಿಗೆ ಶಸ್ತ್ರಚಿಕಿತ್ಸೆಯನ್ನು ನಿಲುಕುವಂತೆ ಮಾಡುವಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಿದೆ. ಸಹಕಾರಿ ಸಂಘಗಳ ಸದಸ್ಯ ರೈತರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಇದರ ಮೊದಲ ಹೆಜ್ಜೆ. 2018ರಲ್ಲಿ ಆರೋಗ್ಯ ಕರ್ನಾಟಕ, ಅದೇ ವರ್ಷ ಕೇಂದ್ರದ ಯೋಜನೆಯೊಡನೆ ಸೇರಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಬಂದವು. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ನೆರವು ದೊರೆಯಿತು; ಉಳಿದವರಿಗೆ ನಿಗದಿತ ದರದ ಶೇ 30ರಷ್ಟು. ನಡುವೆ ನಿಂತಿದ್ದ ಯಶಸ್ವಿನಿಯೂ ಮರಳಿ ಜಾರಿಯಾಯಿತು. ಇವೆಲ್ಲವೂ ಸ್ವಾಗತಾರ್ಹ.

ಆದರೆ ಈ ಯೋಜನೆಗಳ ಕಟ್ಟಡವೆಲ್ಲ ನಿಂತಿರುವುದು ಒಳರೋಗಿ ಎಂಬ ಕಂಬದ ಮೇಲೆ. ರಾಷ್ಟ್ರೀಯ ಯೋಜನೆಯ ವಿನ್ಯಾಸದಲ್ಲಿ ದಾಖಲಾಗುವ ಮುನ್ನ ಮೂರು ದಿನ ಮತ್ತು ಬಿಡುಗಡೆಯಾದ ಮೇಲೆ ಹದಿನೈದು ದಿನಗಳ ವೆಚ್ಚವಷ್ಟೇ ಸೇರುತ್ತದೆ. ಹೊರರೋಗಿ ಚಿಕಿತ್ಸೆಗೆ ಅಲ್ಲಿ ಸ್ಥಾನವಿಲ್ಲ; ಫಿಸಿಯೋಥೆರಪಿಯಾದರೋ ಬಹುತೇಕ ಹೊರರೋಗಿಯ ಚಿಕಿತ್ಸೆಯೇ. ಹೆರಿಗೆಗೋ ಅಪೆಂಡಿಕ್ಸಿಗೋ ಹದಿನೈದು ದಿನ ಸಾಕಾಗಬಹುದು. ಒಂಬತ್ತು ತಿಂಗಳು ಕೇಳುವ ಮೊಣಕಾಲಿಗೆ ಸಾಲದು.

ಕೆಲವು ಸರಕುಗಳು ಒಂದಿಲ್ಲದೆ ಇನ್ನೊಂದು ನಿಷ್ಪ್ರಯೋಜಕ. ಅರ್ಥಶಾಸ್ತ್ರದ ಪಠ್ಯಗಳಲ್ಲಿ ಇವನ್ನು ಪೂರಕ ಸರಕುಗಳೆನ್ನುತ್ತಾರೆ. ನಮ್ಮ ಭಾಗದ ರೈತನಿಗೆ ಪಠ್ಯ ಬೇಕಿಲ್ಲ. ಜೋಡೆತ್ತಿನಲ್ಲಿ ಒಂದಕ್ಕೆ ಮೇವು ಹಾಕಿ ಇನ್ನೊಂದನ್ನು ಉಪವಾಸ ಕೆಡವಿದರೆ ಗಾಡಿ ಮುಂದೆ ಹೋಗುವುದಿಲ್ಲವೆಂದು ಅವನಿಗೆ ಗೊತ್ತು. ಶಸ್ತ್ರಚಿಕಿತ್ಸೆಗೆ ಸಾವಿರಾರು ರೂಪಾಯಿ ಕೊಟ್ಟು, ಅದನ್ನು ಫಲಪ್ರದಗೊಳಿಸುವ ವ್ಯಾಯಾಮಕ್ಕೆ ಏನೂ ಕೊಡದಿರುವುದು ಉಳಿತಾಯವಲ್ಲ. ಕೊಟ್ಟ ಹಣವನ್ನೂ ಕಳೆದುಕೊಳ್ಳುವ ದಾರಿ.

ತಾಯಂದಿರ ಆರೋಗ್ಯ, ಮಕ್ಕಳ ಅಪೌಷ್ಟಿಕತೆ ಮುಂತಾದ ದೊಡ್ಡ ಸಮಸ್ಯೆಗಳಿರುವಾಗ ಆಟದಲ್ಲಿ ಗಾಯಗೊಂಡವರ ಚಿಂತೆ ಏಕೆ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ತಾಲ್ಲೂಕಿಗೊಬ್ಬ ಫಿಸಿಯೋಥೆರಪಿಸ್ಟ್ ಬಂದರೆ ಆತನ ಬಳಿಗೆ ಬರುವವರಲ್ಲಿ ಕಬಡ್ಡಿ ಆಟಗಾರರು ಕೆಲವರೇ ಇರುತ್ತಾರೆ. ಪಾರ್ಶ್ವವಾಯು ಹೊಡೆದ ಹಿರಿಯರು, ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡವರು, ಮಂಡಿ ಬದಲಿಸಿಕೊಂಡವರು, ಬಗ್ಗಿ ಬಗ್ಗಿ ಕಳೆ ತೆಗೆದು ಸೊಂಟ ಹಿಡಿದ ಹೆಂಗಸರು ಎಲ್ಲರಿಗೂ ಬೇಕಾದುದು ಅದೇ ವಿದ್ಯೆ. ಹಿರಿಯ ನಾಗರಿಕರ ಆರೋಗ್ಯಕ್ಕಾಗಿ 2010-11ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಸಮುದಾಯ ಆರೋಗ್ಯ ಕೇಂದ್ರಗಳ ಮಟ್ಟದಲ್ಲೇ ಪುನಶ್ಚೇತನ ಸೇವೆ ಇರಬೇಕೆಂದು ಹೇಳಿದೆ. ತತ್ವವನ್ನು ಒಪ್ಪಿಯಾಗಿದೆ, ಅದನ್ನು ಕಾಗದದಿಂದ ಕೋಣೆಗೆ ತರುವುದಷ್ಟೇ ಬಾಕಿ.

ಆಗಬೇಕಾದದ್ದು

ಮೊದಲನೆಯದಾಗಿ, ಕೀಲಿನ ಶಸ್ತ್ರಚಿಕಿತ್ಸೆಗಳ ನಿಗದಿತ ದರದಲ್ಲಿಯೇ ಪುನಶ್ಚೇತನವನ್ನು ಸೇರಿಸಬೇಕು. ಆಸ್ಪತ್ರೆಗೆ ಕೊಡುವ ಹಣದ ಒಂದು ಭಾಗವನ್ನು ಹಿಡಿದಿಟ್ಟು, ರೋಗಿ ಮೂರನೆಯ ಮತ್ತು ಆರನೆಯ ತಿಂಗಳ ಪರೀಕ್ಷೆಗೆ ಬಂದಾಗ ಬಿಡುಗಡೆ ಮಾಡಬಹುದು. ಆಗ ರೋಗಿಯನ್ನು ಹುಡುಕಿ ಕರೆತರುವ ಆಸಕ್ತಿ ಆಸ್ಪತ್ರೆಗೇ ಹುಟ್ಟುತ್ತದೆ. ರೋಗಿಗೂ ಜೊತೆಗಾರನಿಗೂ ಪ್ರಯಾಣ ಭತ್ಯೆಯ ಸಣ್ಣ ಮೊತ್ತವನ್ನು ಇದರಲ್ಲೇ ಸೇರಿಸಬಹುದು.

ಎರಡನೆಯದಾಗಿ, ಸೇವೆಯನ್ನು ರೋಗಿಯ ಹತ್ತಿರ ಒಯ್ಯಬೇಕು. ನವಲಗುಂದ, ಕುಂದಗೋಳ, ಕಲಘಟಗಿಯ ಆಸ್ಪತ್ರೆಗಳಲ್ಲಿ ವಾರಕ್ಕೆ ಎರಡು ನಿಶ್ಚಿತ ದಿನ ಫಿಸಿಯೋಥೆರಪಿ ದೊರೆತರೆ ಹೆಚ್ಚಿನ ತೊಂದರೆ ತಾನಾಗಿ ನೀಗುತ್ತದೆ. ದುಬಾರಿ ಯಂತ್ರಗಳು ಬೇಡ. ಮಡಚಿದ ಟವೆಲ್, ಮರಳು ತುಂಬಿದ ಚೀಲ, ಎರಡು ಮೆಟ್ಟಿಲು, ಹಳೆಯ ಸೈಕಲ್ ಮತ್ತು ನೋಡುವ ಕಣ್ಣು ಇದ್ದರೆ ಮೊದಲ ಮೂರು ತಿಂಗಳ ಕೆಲಸ ನಡೆಯುತ್ತದೆ. ಅವಳಿ ನಗರಗಳಲ್ಲಿ ಈ ಕಣ್ಣುಗಳಿಗೆ ಕೊರತೆಯಿಲ್ಲ. 1957ರಲ್ಲಿ ಸ್ಥಾಪನೆಯಾಗಿ ಕಿಮ್ಸ್ ಎಂದೇ ಜನಜನಿತವಾದ ಸರ್ಕಾರಿ ವೈದ್ಯಕೀಯ ಸಂಸ್ಥೆ ಹುಬ್ಬಳ್ಳಿಯಲ್ಲಿದೆ. ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ಫಿಸಿಯೋಥೆರಪಿ ಕಾಲೇಜು ಇದೆ. ಪದವಿಯ ಕೊನೆಯ ಇಂಟರ್ನ್‌ಶಿಪ್ ಅವಧಿಯ ವಿದ್ಯಾರ್ಥಿಗಳನ್ನು ಹಿರಿಯರ ಮೇಲ್ವಿಚಾರಣೆಯಲ್ಲಿ ಸರದಿಯಂತೆ ತಾಲ್ಲೂಕುಗಳಿಗೆ ಕಳುಹಿಸುವುದು ಕಷ್ಟದ ಕೆಲಸವಲ್ಲ. ನಡುವಿನ ದಿನಗಳಲ್ಲಿ ವಿಡಿಯೊ ಕರೆಯ ಮೂಲಕ ವ್ಯಾಯಾಮವನ್ನು ಪರಿಶೀಲಿಸಬಹುದು. ಫಿಸಿಯೋಥೆರಪಿಯೂ ಸೇರಿದಂತೆ ಪೂರಕ ಆರೋಗ್ಯ ವೃತ್ತಿಗಳಿಗೆ 2021ರಲ್ಲಿ ಸಂಸತ್ತು ಪ್ರತ್ಯೇಕ ಕಾಯ್ದೆಯನ್ನೇ ಮಾಡಿದೆ. ವೃತ್ತಿಗೆ ಮನ್ನಣೆ ಬಂದಿದೆ, ಹುದ್ದೆಗಳು ಬರಬೇಕಾಗಿವೆ.

ಮೂರನೆಯದಾಗಿ, ಬಿಡುಗಡೆ ಪತ್ರದ ಭಾಷೆ. ಯಾವ ವಾರ ಯಾವ ವ್ಯಾಯಾಮ, ಯಾವ ತಿಂಗಳವರೆಗೆ ಏನು ಮಾಡಬಾರದು, ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು ಎಂಬುದನ್ನು ಚಿತ್ರಗಳ ಸಹಿತ ಕನ್ನಡದಲ್ಲಿ ಅಚ್ಚುಹಾಕಿಸಿ ಕೊಡಬೇಕು. ಇದಕ್ಕೆ ತಗಲುವ ವೆಚ್ಚ ನಗಣ್ಯ.

ನಾಲ್ಕನೆಯದು, ಗಾಯವಾಗದಂತೆ ನೋಡಿಕೊಳ್ಳುವುದು. ನಾರ್ವೆಯ 125 ಫುಟ್‌ಬಾಲ್ ಕ್ಲಬ್‌ಗಳ 1,892 ಹುಡುಗಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಟಕ್ಕೆ ಮುನ್ನ ಇಪ್ಪತ್ತು ನಿಮಿಷಗಳ ಕ್ರಮಬದ್ಧ ಸಿದ್ಧತಾ ವ್ಯಾಯಾಮ ಮಾಡಿದ ತಂಡಗಳಲ್ಲಿ ಗಾಯಗಳು ಸುಮಾರು ಮೂರನೆಯ ಒಂದು ಭಾಗ, ತೀವ್ರ ಗಾಯಗಳು ಅರ್ಧಕ್ಕೆ ಸಮೀಪ ಕಡಿಮೆಯಾದವು. ಸರಿಯಾಗಿ ಜಿಗಿದು ಇಳಿಯುವುದು, ಒಂಟಿ ಕಾಲಿನ ಸಮತೋಲನ, ತೊಡೆಯ ಹಿಂಭಾಗಕ್ಕೆ ಬಲ, ಇವಿಷ್ಟೇ ಅದರ ಸಾರ. ನಮ್ಮ ಪ್ರೌಢಶಾಲೆಗಳ ದೈಹಿಕ ಶಿಕ್ಷಣ ಶಿಕ್ಷಕರಿಗೆ ಎರಡು ದಿನದ ತರಬೇತಿಯಲ್ಲಿ ಇದನ್ನು ಕಲಿಸಬಹುದು. ಧಾರವಾಡದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರವಿರುವುದರಿಂದ ಕಲಿಸುವವರನ್ನು ದೂರದಿಂದ ಕರೆಸಬೇಕಿಲ್ಲ. ಪಂದ್ಯಾವಳಿ ನಡೆಸುವ ಯುವಕ ಸಂಘಗಳು ಕಪ್ಪು, ಶಾಮಿಯಾನ, ಧ್ವನಿವರ್ಧಕಗಳಿಗೆ ಮಾಡುವ ಖರ್ಚಿನಲ್ಲಿ ಒಂದಿಷ್ಟನ್ನು ಮಂಜುಗಡ್ಡೆ, ಪಟ್ಟಿ, ಊರುಗೋಲು ಮತ್ತು ಅಂಕಣದ ನೆಲ ಹದಗೊಳಿಸಲು ಮೀಸಲಿಡಬೇಕು. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆನೆಲ ಮೊಣಕಾಲಿಗೆ ಎದುರಾಳಿಗಿಂತ ದೊಡ್ಡ ಶತ್ರು. ಕುಸ್ತಿಯ ಹಿರಿಯರು ಕಣದ ಕೆಂಪು ಮಣ್ಣನ್ನು ಜರಡಿ ಹಿಡಿದು, ಎಣ್ಣೆ ಮಜ್ಜಿಗೆ ಸೇರಿಸಿ ಹದ ಮಾಡುತ್ತಿದ್ದುದು ಕೇವಲ ಸಂಪ್ರದಾಯಕ್ಕಾಗಿ ಅಲ್ಲ.

ಈ ಪುಟವನ್ನು ಓದುವ ನನ್ನ ವಯಸ್ಸಿನವರಿಗೂ ಒಂದು ಮಾತು. ಆರ್ತ್ರೋಸ್ಕೋಪಿ ಎಲ್ಲ ಮೊಣಕಾಲು ನೋವಿಗೂ ಮದ್ದಲ್ಲ. ಸವೆದ ಮೊಣಕಾಲಿನ 180 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ನಿಜವಾದ ಆರ್ತ್ರೋಸ್ಕೋಪಿಗೂ ಚರ್ಮವನ್ನಷ್ಟೇ ಕೊಯ್ದು ಹೊಲಿದ ತೋರಿಕೆಯ ಶಸ್ತ್ರಚಿಕಿತ್ಸೆಗೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ವಯಸ್ಸಿನೊಂದಿಗೆ ಸವೆದು ಹರಿದ ಮೆನಿಸ್ಕಸ್ ಬಗ್ಗೆ 2013ರಲ್ಲಿ ಫಿನ್ಲೆಂಡಿನ ಸಂಶೋಧಕರು ಕಂಡುಕೊಂಡದ್ದೂ ಇದನ್ನೇ. ಆಟದ ಪೆಟ್ಟಿನಿಂದ ಹರಿದ ಇಪ್ಪತ್ತರ ಮೊಣಕಾಲು ಬೇರೆ, ಸವೆದ ಅರವತ್ತರ ಮೊಣಕಾಲು ಬೇರೆ. ಎರಡನೆಯದಕ್ಕೆ ತೂಕ ಇಳಿಸುವುದು ಮತ್ತು ವ್ಯಾಯಾಮವೇ ಮೊದಲ ಚಿಕಿತ್ಸೆ. ಅದಕ್ಕೂ ಬೇಕಾದವನು ಅದೇ ಫಿಸಿಯೋಥೆರಪಿಸ್ಟ್.

ಗದಗಿನ ಸುನೀಲ್ ಜೋಶಿ ಬಾಲಕನಾಗಿದ್ದಾಗ ಬೆಳಿಗ್ಗೆ ರೈಲಿನಲ್ಲಿ ಹುಬ್ಬಳ್ಳಿಗೆ ಬಂದು ಅಭ್ಯಾಸ ಮಾಡಿ, ಶಾಲೆಗೆ ಮರಳಿ ಗದಗಿಗೆ ಹೋಗುತ್ತಿದ್ದುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆಟ ಕಲಿಯಲು ಅಷ್ಟು ದೂರ ಬರುವ ಛಲ ನಮ್ಮ ಮಕ್ಕಳಲ್ಲಿ ಇಂದಿಗೂ ಇದೆ. ಆದರೆ ಪೆಟ್ಟು ತಿಂದ ಕಾಲಿನಲ್ಲಿ ನಲವತ್ತು ಸಲ ಅಷ್ಟು ದೂರ ಬರಬೇಕೆಂದು ಕೇಳುವುದು ಛಲದ ಪರೀಕ್ಷೆಯಲ್ಲ, ಆಡಳಿತದ ಉದಾಸೀನ. ಮುಂದಿನ ಆಯವ್ಯಯ ಪತ್ರದಲ್ಲಿ ಹೊಸ ಕ್ರೀಡಾಂಗಣಗಳ ಘೋಷಣೆಗಳು ಇದ್ದೇ ಇರುತ್ತವೆ. ಅವುಗಳ ಜೊತೆಗೆ ತಾಲ್ಲೂಕಿಗೊಂದು ಫಿಸಿಯೋಥೆರಪಿ ಕೋಣೆ ಮತ್ತು ಅದರಲ್ಲಿ ಕೂರುವ ಒಬ್ಬ ವ್ಯಕ್ತಿಗೂ ಒಂದು ಸಾಲು ಇರಲಿ ಎಂದು ನಮ್ಮ ಶಾಸಕರನ್ನು ಕೇಳುವ ಕೆಲಸವನ್ನು ಓದುಗರು ಮಾಡಬೇಕು.